2024ರ ಮೊದಲಾರು ತಿಂಗಳ ಸಿನಿಮಾ: ಯಾವ್ದು ಮೊದ್ಲು ನೋಡ್ಬೇಕು, ಯಾವ್ದು ಬಿಟ್ರೂ ನಡೆಯತ್ತೆ

2024ರ ಜನವರಿಯಿಂದ ಜೂನ್ ತನಕ ಕನ್ನಡದಲ್ಲಿ ನೋಡೋ ಅಂಥದ್ದೇನೂ ಬರ್ಲೇ ಇಲ್ಲ ಅನ್ನೋರು ಈಗ್ಲೂ ಸಿಕ್ತಾರೆ. ದೊಡ್ಡ ಸ್ಟಾರ್‌ಗಳ ಲೆಕ್ಕ ತಗೊಂಡ್ರೆ ಅವರು ಹೇಳೋದು ಪೂರ್ತಿ ಸುಳ್ಳೂ ಅಲ್ಲ. ಹಿಂದಿನ ವರ್ಷ ಡಿಸೆಂಬರ್ 29ಕ್ಕೆ ಬಂದಿದ್ದ ಕಾಟೇರ ಜನವರಿಲೂ ಓಡ್ತಾ ಇತ್ತು, ಆಮೇಲೆ ಆಗಸ್ಟ್‌ನಲ್ಲಿ ಭೀಮ, ಕೃಷ್ಣಂ ಪ್ರಣಯ ಸಖಿ ಬರೋ ತನಕ ಥಿಯೇಟರ್ ಮುಂದೆ ಜನ ಮುಗಿಬಿದ್ದಿದ್ದು ಅಷ್ಟಕ್ಕಷ್ಟೇ, ನಡುವೆ ಮಾರ್ಚ್ 22ರಿಂದ ಐಪಿಎಲ್ಲು, ಏಪ್ರಿಲ್ 26ಕ್ಕೆ ಒಂದ್ಸಲ ಮೇ 7ಕ್ಕೆ ಒಂದ್ಸಲ ಎಲೆಕ್ಷನ್ನು, ಅದೂ ಸಾಲ್ದು ಅಂತ ನಮ್ಮ ಆರ್‌ಸಿಬಿ ಮೊದಲ ಎಂಟರಲ್ಲಿ ಏಳು ಸೋತು ಆಮೇಲೆ ಸಾಲಾಗಿ ಆರು ಗೆದ್ದು ಪ್ಲೇಆಫ್‌ಗೆ ಹೋಗಿ ಊರಲ್ಲಿ ಯಾರ ಬಾಯಲ್ಲೂ ಬೇರೆ ಮಾತೇ ಇಲ್ಲದ ಹಾಗೆ ಮಾಡ್ಬಿಟ್ರು. ಆದ್ರೆ ಸಿನಿಮಾ ಬಂದಿತ್ತು ಗುರು. ಬಂದು, ಆಫೀಸಿಗೆ ಹೋಗೋರು ಯಾರೂ ಹೋಗಕ್ಕಾಗದ ಟೈಮಿಗೆ ಒಂದೋ ಎರಡೋ ಶೋ ಸಿಕ್ಕಿ, ನಾಳೆ ಹೋದ್ರಾಯ್ತು ಅನ್ನೋಷ್ಟರಲ್ಲಿ ಎತ್ತಂಗಡಿ ಆಗಿತ್ತು. ಒಂದು ಮಲ್ಟಿಪ್ಲೆಕ್ಸ್‌ನಲ್ಲಂತೂ ಟಿಕೆಟ್ ತಗೊಂಡು ಒಳಗೆ ಹೋಗೋಕೆ ನಿಂತಿದ್ರೆ, ಸರ್ ಜನ ಇಲ್ಲ, ಶೋ ಕ್ಯಾನ್ಸಲ್, ದುಡ್ಡು ವಾಪಸ್ ಬರತ್ತೆ ಅಂತ ಕಳಿಸಿದ್ರು. ಪಾಪ್‌ಕಾರ್ನ್ ಮಾತ್ರ ಆಗ್ಲೇ ಬಿಲ್ ಆಗಿತ್ತು.

ಹಾಗಾಗಿ ಆಗ ತಪ್ಪಿಸಿಕೊಂಡೋರು ಈಗ ಮನೇಲಿ ಕೂತು ನೋಡೋದಾದ್ರೆ ಯಾವುದರಿಂದ ಶುರು ಮಾಡ್ಬೇಕು ಅಂತ ನನ್ನ ಲೆಕ್ಕ ಹೇಳ್ತೀನಿ. ಹತ್ತಕ್ಕೆ ಏಳೂವರೆ, ಐದಕ್ಕೆ ಮೂರು ಸ್ಟಾರ್ ಅಂತ ಮಾರ್ಕ್ಸ್ ಹಾಕೋದು ನನ್ನ ಕೈಲಿ ಆಗಲ್ಲ, ಕಾಮಿಡಿಗೂ ಕಣ್ಣೀರಿಗೂ ಒಂದೇ ತಕ್ಕಡಿ ಹೆಂಗೆ? ಅದಕ್ಕೆ ಒಂದೇ ಜಾತಿದು ಎರಡೆರಡು ಎತ್ಕೊಂಡು ಕುಸ್ತಿಗೆ ಬಿಟ್ಟಿದೀನಿ, ಗೆದ್ದಿದ್ದು ಮೇಲೆ, ಬಿದ್ದಿದ್ದು ಕೆಳಗೆ. ಯಾವ ಒಟಿಟಿಲಿ ಏನಿದೆ ಅಂತ ಮಾತ್ರ ನೀವೇ ಹುಡ್ಕೊಳ್ಳಿ, ಇವತ್ತು ಇದ್ದಿದ್ದು ನಾಳೆ ಇರಲ್ಲ ಅಲ್ಲಿ.

ಮೊದಲ್ನೇ ಜೋಡಿ ಮಲೆನಾಡಿಂದು. ಶಾಖಾಹಾರಿ ಫೆಬ್ರವರಿ 16ಕ್ಕೆ ಬಂತು, ಕೆರೆಬೇಟೆ ಮಾರ್ಚ್ 15ಕ್ಕೆ. ಎರಡೂ ಶಿವಮೊಗ್ಗ ಕಡೆ ಮಣ್ಣಿಂದು, ಎರಡರಲ್ಲೂ ರಕ್ತ ಇದೆ, ಎರಡರಲ್ಲೂ ಪೊಲೀಸ್ ಇದಾರೆ, ಅಲ್ಲಿಗೆ ಹೋಲಿಕೆ ಮುಗೀತು.

ಶಾಖಾಹಾರಿಲಿ ಸುಬ್ಬಣ್ಣ ಅಂತ ಒಬ್ರು ವಯಸ್ಸಾದ ಬ್ರಹ್ಮಚಾರಿ, ಮಲೆನಾಡಿನ ಒಂದು ಊರಲ್ಲಿ ವೆಜ್ ಹೋಟ್ಲು ನಡೆಸ್ತಾ ಇರ್ತಾರೆ, ಬೋರ್ಡ್ ಲೈಟು ಏನೂ ಆಡಂಬರ ಇಲ್ಲದ ಒಲೆ, ಬೆಂಚು, ಕಾಯಂ ಗಿರಾಕಿಗಳ ಹೋಟ್ಲು. ಅಲ್ಲಿಗೆ ಪೊಲೀಸರಿಂದ ತಪ್ಪಿಸಿಕೊಂಡ ಗಾಯ ಆಗಿರೋ ಹುಡುಗ ಒಬ್ಬ ಬಂದು ಬೀಳ್ತಾನೆ. ಅವನ ಹಿಂದೆ ಬರೋ ಪೊಲೀಸ್ ಅಧಿಕಾರಿ ಪಾತ್ರ ಗೋಪಾಲಕೃಷ್ಣ ದೇಶಪಾಂಡೆ ಅವರದ್ದು, ಆ ಮನುಷ್ಯಂಗೆ ಮನೇಲಿ ಹುಷಾರಿಲ್ಲದ ಹೆಂಡ್ತಿ, ತಲೆ ಮೇಲೆ ಟ್ರಾನ್ಸ್‌ಫರ್. ಮುಂದಿಂದು ನಾನು ಹೇಳಲ್ಲ, ಹೇಳಿದ್ರೆ ನೀವು ನೋಡೋದೇ ವೇಸ್ಟು. ಆದ್ರೆ ಸುಬ್ಬಣ್ಣ ಆಗಿರೋ ರಂಗಾಯಣ ರಘು ಬಗ್ಗೆ ಹೇಳ್ದೇ ಇರಕ್ಕಾಗಲ್ಲ. 2007ರ ದುನಿಯಾ ಇಂದ ಈಚೆಗೆ ಈ ಮನುಷ್ಯನ್ನ ನಮ್ಮೋರು ಎಷ್ಟು ಸಿನಿಮಾಲಿ ಕಿರುಚಿಸಿದಾರೆ, ಕೈ ಬೀಸಿಸಿದಾರೆ, ಹೀರೋ ಪಕ್ಕ ನಿಲ್ಲಿಸಿ ಡೈಲಾಗ್ ಹೊಡೆಸಿದಾರೆ. ಇಲ್ಲಿ ಅವರು ಸುಮ್ನೆ ಇರ್ತಾರೆ. ಯಾರೋ ಬಂದು ಏನೋ ಕೇಳಿದಾಗ ತಕ್ಷಣ ಉತ್ತರ ಕೊಡಲ್ಲ, ಕೈ ತನ್ನ ಪಾಡಿಗೆ ಕೆಲಸ ಮಾಡ್ತಾ ಇರತ್ತೆ, ಕಣ್ಣು ಮಾತ್ರ ಒಂದ್ಸಲ ಆಕಡೆ ಹೋಗಿ ಬರತ್ತೆ, ಅಷ್ಟರಲ್ಲಿ ಈ ಸುಬ್ಬಣ್ಣಂಗೆ ಹೆದರಿಕೆ ಆಯ್ತೋ ಪ್ಲಾನ್ ಹೊಳೀತೋ ಅಂತ ನಾವು ಸೀಟಿನ ತುದಿಗೆ ಬಂದಿರ್ತೀವಿ. ಮೈಸೂರಿನ ರಂಗಾಯಣದಲ್ಲಿ ಬಿ.ವಿ. ಕಾರಂತರ ಕೈಕೆಳಗೆ ಪಳಗಿದೋರು ಇವರು ಅನ್ನೋದು ಹೆಸರಲ್ಲೇ ಇದೆ, ಆದ್ರೂ ಪ್ರತಿ ಸಲ ಯಾರಾದ್ರೂ ಹೊಸ ಡೈರೆಕ್ಟರ್ ಬಂದು ನೆನಪಿಸ್ಬೇಕು. ಈ ಸಲ ನೆನಪಿಸಿದ್ದು ಸಂದೀಪ್ ಸುಂಕದ್.

ಕೆರೆಬೇಟೆ ಬೇರೆ ಥರ. ಊರಲ್ಲಿ ನಡೆಯೋ ನಿಜವಾದ ಕೆರೆಬೇಟೆ ನೋಡಿಲ್ಲದೋರಿಗೆ: ಬೇಸಿಗೆಲಿ ಕೆರೆ ನೀರು ಇಳಿದ ಮೇಲೆ ಸಾಗರ ಸೊರಬ ಕಡೆ ಒಂದು ದಿನ ಗೊತ್ತು ಮಾಡಿ ಊರೂರಿಂದ ಜನ ಸೇರ್ತಾರೆ, ಒಂದು ಕೂಣಿಗೆ, ಅಂದ್ರೆ ಮೀನು ಹಿಡಿಯೋ ಬುಟ್ಟಿಗೆ, ಇಷ್ಟು ಅಂತ ದುಡ್ಡು ಕಟ್ಟಿಸ್ಕೊಂಡು ಎಲ್ರನ್ನೂ ಒಟ್ಟಿಗೆ ಕೆರೆಗೆ ಇಳಿಸ್ತಾರೆ, ಬಿದಿರಿನ ಕೂಣಿನ ಕೆಸರಿಗೆ ಒತ್ತೋದು, ಮೇಲಿನ ಬಾಯಿಂದ ಕೈ ಹಾಕಿ ಒಳಗೆ ಸಿಕ್ಕಿರೋ ಮೀನು ಎಳೆಯೋದು. ಸಿನಿಮಾಲಿ ಈ ಭಾಗ ಬಂದಾಗ ಮೈ ಜುಂ ಅನ್ನತ್ತೆ. ಗೌರಿಶಂಕರ್ ಹೀರೋ, ರಾಜ್‌ಗುರು ಡೈರೆಕ್ಷನ್, ಕಥೆ ಒಳಗೆ ಪ್ರೀತಿ ಇದೆ, ಪ್ರೀತಿ ಮಧ್ಯ ಜಾತಿ ಇದೆ. ಸೆಕೆಂಡ್ ಹಾಫ್‌ನಲ್ಲಿ ಒಂದು ತಿರುವು ಸಕ್ಕತ್ತಾಗಿದೆ. ನನ್ನ ತಕರಾರು ಏನಂದ್ರೆ, ಅಷ್ಟು ಒಳ್ಳೆ ಊರು ಕಟ್ಟಿಟ್ಟು ಮಧ್ಯದಲ್ಲಿ ಹೀರೋಗೆ ಹೀರೋ ಅನ್ನೋದು ನೆನಪಾಗ್ಬಿಡತ್ತೆ, ಫೈಟು, ಬಿಲ್ಡಪ್ಪು, ಆ ಕಡೆ ಜಾರತ್ತೆ. ಶಾಖಾಹಾರಿಲಿ ಆ ಜಾರೋದಿಲ್ಲ. ಹಾಗಾಗಿ ಶಾಖಾಹಾರಿ ಗೆಲ್ತು. ಆದ್ರೆ ನಿಮ್ಮನೇಲಿ ನಿಧಾನ ಸಿನಿಮಾ ಅಂದ್ರೆ ಫೋನ್ ಹಿಡ್ಕೊಳ್ಳೋರು ಇದ್ರೆ ಕೆರೆಬೇಟೆನೇ ಹಾಕಿ, ಅದು ಕೂರಿಸತ್ತೆ.

ಎರಡನೇ ಜೋಡಿ ಕಷ್ಟದ್ದು. ಫೋಟೋ ಮತ್ತೆ ಶಿವಮ್ಮ. ಎರಡೂ ಉತ್ತರ ಕರ್ನಾಟಕದ ಬಡವರ ಮನೆ ಕಥೆ, ಒಂದು ರಾಯಚೂರು ಕಡೇದು, ಇನ್ನೊಂದು ಕೊಪ್ಪಳ ಜಿಲ್ಲೆ ಯರೇಹಂಚಿನಾಳದ್ದು. ಫೋಟೋ ಬಂದಿದ್ದೂ ಮಾರ್ಚ್ 15ಕ್ಕೇ, ಕೆರೆಬೇಟೆ ಬಂದ ಅದೇ ಶುಕ್ರವಾರ. ಇರೋ ನಾಲ್ಕು ಜನ ಪ್ರೇಕ್ಷಕರನ್ನ ಇಬ್ರೂ ಹಂಚ್ಕೊಳ್ಳೋ ಹಂಗೆ ರಿಲೀಸ್ ಮಾಡೋದು ಯಾವ ಲೆಕ್ಕಾಚಾರನೋ ನಂಗೆ ಅರ್ಥ ಆಗಿಲ್ಲ.

ಫೋಟೋಲಿ ದುರ್ಗ್ಯಾ ಅನ್ನೋ ಚಿಕ್ಕ ಹುಡುಗಂಗೆ ವಿಧಾನಸೌಧದ ಮುಂದೆ ನಿಂತು ಫೋಟೋ ಹೊಡೆಸ್ಕೊಬೇಕು ಅಂತ ಆಸೆ. ಅಪ್ಪ ಬೆಂಗಳೂರಲ್ಲಿ ಕೂಲಿ. ಹುಡುಗ ಬೆಂಗಳೂರಿಗೆ ಬರ್ತಾನೆ, 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬೀಳತ್ತೆ, ಬಸ್ಸಿಲ್ಲ ರೈಲಿಲ್ಲ, ಅಪ್ಪ ಮಗ ಊರಿನ ದಾರಿ ಹಿಡೀತಾರೆ. ಉತ್ಸವ್ ಗೋನವಾರ್ ಡೈರೆಕ್ಟರು, ಅಪ್ಪನ ಪಾತ್ರ ಮಾಡಿರೋ ಮಹಾದೇವ ಹಡಪದ ಆ ನಡಿಗೇಲಿ ಬರ್ತಾ ಬರ್ತಾ ಬಗ್ಗೋದು ನೋಡ್ಬೇಕು. ಪ್ರಕಾಶ್ ರಾಜ್ ಇದರ ಬೆನ್ನಿಗೆ ನಿಂತು ಪ್ರೆಸೆಂಟ್ ಮಾಡಿದ್ರು. ಒಳ್ಳೆ ಸಿನಿಮಾ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಇಂಟರ್ವಲ್ ಆದಮೇಲೆ ಇದು ನನ್ನ ಅಳಿಸ್ಬೇಕು ಅಂತಲೇ ಹೊರಟಿದೆ ಅನ್ನೋದು ಗೊತ್ತಾಗೋಕೆ ಶುರು ಆಗತ್ತೆ. ಗೊತ್ತಾದ್ರೂ ಅಳು ಬರತ್ತೆ, ಅದು ಬೇರೆ ವಿಷ್ಯ.

ಶಿವಮ್ಮ ಹಂಗೆ ಮಾಡಲ್ಲ. ಶಿವಮ್ಮ ಅಂದ್ರೆ ಸರ್ಕಾರಿ ಶಾಲೇಲಿ ಬಿಸಿಯೂಟ ಮಾಡೋ ಹೆಂಗಸು, ಗಂಡ ಹಾಸಿಗೆ ಹಿಡಿದಿದಾನೆ, ಮಗಳ ಮದುವೆಗೆ ಅಂತ ಕೂಡಿಟ್ಟಿರೋ ದುಡ್ಡು ಅಷ್ಟೇ ಆಸ್ತಿ. ಆ ದುಡ್ಡನ್ನ ತಗೊಂಡೋಗಿ ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಹಾಕ್ತಾಳೆ, ಪೌಡರ್ ಡಬ್ಬಿ ಮಾರೋದು, ಒಬ್ರನ್ನ ಸೇರಿಸಿದ್ರೆ ಇಷ್ಟು ಕಮಿಷನ್, ಅವರ ಕೆಳಗೆ ಸೇರಿದ್ರೆ ಇಷ್ಟು, ನಿಮಗೂ ನಿಮ್ಮ ಸಂಬಂಧಿಕರು ಯಾರೋ ಒಬ್ರು ಕಾಫಿಗೆ ಕರೆದು ಇದನ್ನೇ ಹೇಳಿರ್ತಾರೆ ಬಿಡಿ. ಬೇರೆ ಯಾರಾದ್ರೂ ಈ ಕಥೆ ಮಾಡಿದ್ರೆ ಕಂಪನಿ ವಿಲನ್, ಶಿವಮ್ಮ ಪಾಪದೋಳು, ಕೊನೆಗೆ ಒಂದು ಭಾಷಣ. ಇಲ್ಲಿ ಶಿವಮ್ಮ ಪಾಪದೋಳೇ ಅಲ್ಲ. ಹಠಮಾರಿ, ಬಾಯಿ ಜೋರು, ಸುಳ್ಳೂ ಹೇಳ್ತಾಳೆ, ಮನೆಮನೆಗೆ ಹೋಗಿ ತಗೊಳ್ರಿ ತಗೊಳ್ರಿ ಅಂತ ಜೀವ ತಿಂತಾಳೆ, ಊರೋರು ಇವಳು ಬರ್ತಾಳೆ ಅಂದ್ರೆ ತಪ್ಪಿಸ್ಕೊಳ್ಳೋ ಲೆವೆಲ್ಲಿಗೆ. ನಮಗೆ ಒಂದು ಕಡೆ ನಗು, ಇನ್ನೊಂದು ಕಡೆ ಅಯ್ಯೋ ಆ ದುಡ್ಡು ಹೋಯ್ತಲ್ಲ ಅಂತ ಹೊಟ್ಟೆಲಿ ಸಂಕಟ. ಶರಣಮ್ಮ ಚಟ್ಟಿ ಅಂತ ಶಿವಮ್ಮನ ಪಾತ್ರ ಮಾಡಿದೋರು, ಸಿನಿಮಾ ಕಸುಬಿನೋರಲ್ಲ, ಸುತ್ತ ಇರೋರೂ ಬಹುತೇಕ ಊರೋರೇ. ಅದಕ್ಕೇ ಮಾತು ಒಂದರ ಮೇಲೊಂದು ಬೀಳತ್ತೆ, ಒಬ್ರ ಮಾತು ಮುಗಿಯೋದಕ್ಕೆ ಇನ್ನೊಬ್ರು ಕಾಯಲ್ಲ, ಕಟ್ಟೆ ಮೇಲೆ ಹೆಂಗೆ ಮಾತಾಡ್ತಾರೋ ಹಂಗೆ. ಆ ಕಡೆ ಭಾಷೆ ಗೊತ್ತಿಲ್ಲದ ನಮ್ಮಂಥ ಹಳೇ ಮೈಸೂರು ಗಿರಾಕಿಗಳು ಮೊದಲ ಹತ್ತು ನಿಮಿಷ ಕಿವಿ ಚುರುಕು ಮಾಡ್ಕೊಬೇಕು, ಆಮೇಲೆ ಸಲೀಸು.

2022ರಲ್ಲೇ ದಕ್ಷಿಣ ಕೊರಿಯಾದ ಬೂಸಾನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದ ಸಿನಿಮಾ ಇದು, ಡೈರೆಕ್ಟರ್ ಜೈಶಂಕರ್ ಆರ್ಯರ್‌ಗೆ ಮೊದಲ ಸಿನಿಮಾ, ದುಡ್ಡು ಹಾಕಿದ್ದು ರಿಷಬ್ ಶೆಟ್ಟಿ. ನಮ್ಮ ಥಿಯೇಟರ್‌ಗೆ ಬಂದಿದ್ದು 2024ರ ಜೂನ್ 14ಕ್ಕೆ, ಅದೂ ಡಾಲಿ ಧನಂಜಯ್ ಅವರ ಕೋಟಿ ಬಂದ ದಿನಾನೇ. ಕೋಟಿಗೆ ಊರೆಲ್ಲ ಪೋಸ್ಟರು, ಶಿವಮ್ಮನ್ನ ಹುಡುಕ್ಕೊಂಡು ಹೋಗ್ಬೇಕಿತ್ತು. ಆರು ತಿಂಗಳಲ್ಲಿ ನಂಗೆ ನಂಬರ್ ಒನ್ ಇದೇ, ಮುಚ್ಚುಮರೆ ಏನಿಲ್ಲ. ಫೋಟೋ ನೋಡಿ ಅವತ್ತು ರಾತ್ರಿ ಬೇಜಾರಾಯ್ತು, ಶಿವಮ್ಮ ನೋಡಿ ವಾರಗಟ್ಟಲೆ ಆ ಹೆಂಗಸಿನ ಜೊತೆ ಮನಸ್ಸಲ್ಲೇ ಜಗಳ ಆಡ್ತಾ ಇದ್ದೆ, ಆ ವ್ಯತ್ಯಾಸಕ್ಕೆ ಗೆಲುವು.

ಮೂರನೇದು ಬೆಂಗಳೂರು ಹುಡುಗರ ಜೋಡಿ. ಸಿಂಪಲ್ ಸುನಿ ಅವರ ಒಂದು ಸರಳ ಪ್ರೇಮ ಕಥೆ ಫೆಬ್ರವರಿಲಿ, ಬ್ಲಿಂಕ್ ಮಾರ್ಚ್ 8ಕ್ಕೆ. ಮೊದಲ್ನೇದ್ರಲ್ಲಿ ವಿನಯ್ ರಾಜ್‌ಕುಮಾರ್ ಮ್ಯೂಸಿಕ್ ಡೈರೆಕ್ಟರ್ ಆಗ್ಬೇಕು ಅಂತಿರೋ ಹುಡುಗ, ಮನೆ ತುಂಬ ಜನ, ಪಂಚ್ ಮೇಲೆ ಪಂಚ್, ಸುನಿ ಸಿನಿಮಾ ಹೆಂಗಿರತ್ತೋ ಹಂಗೇ ಇದೆ. ಊಟ ಮಾಡ್ತಾ ನೋಡಬಹುದು, ಮಧ್ಯ ಎದ್ದೋಗಿ ಮಜ್ಜಿಗೆ ತಂದ್ರೂ ಏನೂ ತಪ್ಪಿಹೋಗಲ್ಲ.

ಬ್ಲಿಂಕ್ ನೋಡ್ವಾಗ ಹಂಗೆ ಎದ್ದೋಗಿ ಬಂದ್ರೆ ಕಥೆ ಅಷ್ಟೇ. ದೀಕ್ಷಿತ್ ಶೆಟ್ಟಿ ಮಾಡಿರೋ ಅಪೂರ್ವ ಅನ್ನೋ ಹುಡುಗಂಗೆ ಓದು ಮುಗಿದಿಲ್ಲ, ಕೆಲಸ ಇಲ್ಲ, ಮನೇಲಿ ಅಮ್ಮಂಗೆ ಒಂದು ಸುಳ್ಳು, ಹುಡುಗಿಗೆ ಇನ್ನೊಂದು. ಅವನು ಕಣ್ಣು ಮಿಟುಕಿಸದೇ ಇರೋಷ್ಟು ಹೊತ್ತು ಬೇರೆ ಕಾಲದಲ್ಲಿ ಇರಬಹುದು, ಮಿಟುಕಿಸಿದ್ನೋ ವಾಪಸ್. ಟೈಮ್ ಟ್ರಾವೆಲ್‌ಗೆ ಕೋಟಿಗಟ್ಟಲೆ ಗ್ರಾಫಿಕ್ಸ್ ಬೇಕು ಅಂತ ಎಲ್ರೂ ಅಂದ್ಕೊಂಡಿರ್ವಾಗ, ಶ್ರೀನಿಧಿ ಬೆಂಗಳೂರು ಅನ್ನೋ ಹೊಸ ಡೈರೆಕ್ಟರ್ ರೆಪ್ಪೆ ಇಟ್ಕೊಂಡು ಆ ಕೆಲಸ ಮುಗಿಸಿದಾರೆ, ಆ ಐಡಿಯಾಗೇ ನಾನು ಚಪ್ಪಾಳೆ ಹೊಡೀತೀನಿ. ಸಪ್ತ ಸಾಗರದಾಚೆ ಎಲ್ಲೋ ಸೈಡ್ ಬಿಲಿ ಸುರಭಿ ಆಗಿದ್ದ ಚೈತ್ರಾ ಆಚಾರ್ ಇಲ್ಲಿ ದೇವಕಿ, ಅವರ ಭಾಗ ನೀಟಾಗಿ ನಿಂತಿದೆ. ತೊಂದ್ರೆ ಏನಪ್ಪ ಅಂದ್ರೆ ಕೊನೆ ಅರ್ಧ ಗಂಟೇಲಿ ಗಂಟಿನ ಮೇಲೆ ಗಂಟು ಹಾಕ್ತಾ ಹೋಗಿ ನಂಗೆ ಎರಡನೇ ಸಲ ನೋಡೋ ತನಕ ಯಾರು ಯಾವ ಕಾಲದಲ್ಲಿದಾರೆ ಅನ್ನೋದು ಪೂರ್ತಿ ಬಗೆಹರೀಲಿಲ್ಲ. ಕೆಲವರಿಗೆ ಅದೇ ಮಜಾ. ಇದು ಬಂದ ಶುಕ್ರವಾರಾನೇ ಶಿವಣ್ಣ ಪ್ರಭುದೇವ ಇಬ್ರೂ ಇರೋ ಕರಟಕ ದಮನಕನೂ ಬಂತು, ಆದ್ರೂ ಬಾಯಿಂದ ಬಾಯಿಗೆ ಹೋಗಿ ಬ್ಲಿಂಕ್ ಉಳ್ಕೊಳ್ತು, ಆ ಅರ್ಧ ವರ್ಷದಲ್ಲಿ ಚಿಕ್ಕ ಸಿನಿಮಾಗೆ ಸಿಕ್ಕ ದೊಡ್ಡ ಭಾಗ್ಯ ಅದು. ಗೆದ್ದಿದ್ದು ಬ್ಲಿಂಕ್, ಅನುಮಾನ ಇಲ್ಲ.

ಇನ್ನು ದೊಡ್ಡವರ ಸಿನಿಮಾಗಳು, ಇವಕ್ಕೆ ಜಾಸ್ತಿ ಹೊತ್ತು ಬೇಡ. ಕರಟಕ ದಮನಕ ಯೋಗರಾಜ್ ಭಟ್ರದ್ದು, ಇಬ್ರು ಕಳ್ಳರು ಬರ ಬಿದ್ದಿರೋ ಊರಿಗೆ ಹೋಗೋ ಕಥೆ, ನೀರಿನ ವಿಷಯ ಇಟ್ಕೊಂಡಿದ್ದು ಒಳ್ಳೇದೇ, ಅದೂ ಬೆಂಗಳೂರಲ್ಲೇ ಟ್ಯಾಂಕರ್‌ಗೆ ಕ್ಯೂ ನಿಂತಿದ್ದ ಬೇಸಿಗೆಲಿ. ಆದ್ರೆ ಡ್ಯಾನ್ಸು ಬಿಟ್ರೆ ಉಳಿದಿದ್ದು ಕರಗಿ ಹೋಯ್ತು. ಯುವ ಮಾರ್ಚ್ 29ಕ್ಕೆ, ಸಂತೋಷ್ ಆನಂದ್‌ರಾಮ್ ಡೈರೆಕ್ಷನ್, ಯುವ ರಾಜ್‌ಕುಮಾರ್‌ಗೆ ಮೊದಲ ಸಿನಿಮಾ. ಕಾಲೇಜು ಹೊಡೆದಾಟ ಮಾಮೂಲಿ, ಅದೇ ಹುಡುಗ ಆಮೇಲೆ ಫುಡ್ ಡೆಲಿವರಿ ಬ್ಯಾಗ್ ಹಾಕ್ಕೊಂಡು ಗಾಡಿ ಓಡಿಸೋ ಭಾಗ ಮತ್ತೆ ಅಪ್ಪನಾಗಿ ಅಚ್ಯುತ್ ಕುಮಾರ್ ಇರೋ ಸೀನ್‌ಗಳು ನಿಜಕ್ಕೂ ಚೆನ್ನಾಗಿವೆ, ಆ ಭಾಗಕ್ಕೋಸ್ಕರ ನೋಡಬಹುದು. ಕೋಟಿಲಿ ನಿಯತ್ತಾಗಿ ದುಡಿದು ಒಂದು ಕೋಟಿ ಮಾಡ್ತೀನಿ ಅನ್ನೋ ಡ್ರೈವರ್, ಅವನ ಮುಂದೆ ದಿನೂ ಸಾಹುಕಾರ್ ಆಗಿ ರಮೇಶ್ ಇಂದಿರಾ, ಮೆತ್ತಗೆ ಮಾತಾಡಿ ಹೆದರಿಸೋ ವಿಲನ್, ಅವರು ಬಂದಾಗೆಲ್ಲ ಸಿನಿಮಾ ಎದ್ದು ಕೂರತ್ತೆ. ಉದ್ದ ಜಾಸ್ತಿ. ಈ ಮೂರರಲ್ಲಿ ಒಂದೇ ಅಂದ್ರೆ ನಾನು ಕೋಟಿ ಅಂತೀನಿ, ಅಪ್ಪು ಮನೆ ಹುಡುಗ ಅನ್ನೋ ಅಭಿಮಾನ ಇರೋರು ಯುವ ಅಂತಾರೆ, ಜಗಳಕ್ಕೆ ನಾನು ಬರಲ್ಲ.

ನಗಬೇಕು ಅಷ್ಟೇ ಅನ್ನೋರಿಗೆ ಜನವರಿ 26ಕ್ಕೆ ಬಂದ ಉಪಾಧ್ಯಕ್ಷ ಇದೆ, ಚಿಕ್ಕಣ್ಣ ಹೀರೋ ಆಗಿ ಬಂದ ಮೊದಲ ಸಿನಿಮಾ, 2014ರ ಅಧ್ಯಕ್ಷದ ಮುಂದುವರಿಕೆ. ಅದೇ ದಿನ ದಿಗಂತ್, ಯೋಗಿ, ಅಚ್ಯುತ್ ಕುಮಾರ್ ಇರೋ ಬ್ಯಾಚುಲರ್ ಪಾರ್ಟಿನೂ ಬಂತು. ಮನೆಮಂದಿ ಜೊತೆ ಮೊದಲ್ನೇದು, ಫ್ರೆಂಡ್ಸ್ ಜೊತೆ ಎರಡನೇದು, ತಲೆ ಕೆಡಿಸ್ಕೊಳ್ಳೋಕೆ ಅದ್ರಲ್ಲಿ ಏನಿಲ್ಲ. ಇವೆರಡಕ್ಕಿಂತ ಮೇಲೆ ನಾನು ಇಡೋದು ಮೇ 24ಕ್ಕೆ ಬಂದ ಮೂರನೇ ಕೃಷ್ಣಪ್ಪ, ಮತ್ತೆ ನಮ್ಮ ರಂಗಾಯಣ ರಘುನೇ. ಇಲ್ಲಿ ಊರಿನ ಪಂಚಾಯಿತಿ ಪ್ರೆಸಿಡೆಂಟು, ಆನೇಕಲ್ ಕಡೆ ಮಾತು, ಬೆಂಗಳೂರಿಗೆ ಇಷ್ಟು ಹತ್ರ ಇದ್ರೂ ಆ ಮಾತು ಸಿನಿಮಾಲಿ ಕೇಳೋದೇ ಅಪರೂಪ. ಶಾಖಾಹಾರಿ ನೋಡಿದ ವಾರದಲ್ಲೇ ಇದನ್ನೂ ನೋಡಿ, ಒಬ್ಬನೇ ಮನುಷ್ಯ ಅನ್ನೋದು ನಂಬಕ್ಕಾಗಲ್ಲ.

ಒಟ್ಟು ನನ್ನ ಸಾಲು ಹಿಂಗೆ ಬರತ್ತೆ: ಶಿವಮ್ಮ, ಅದರ ಬೆನ್ನಿಗೇ ಶಾಖಾಹಾರಿ, ಆಮೇಲೆ ಫೋಟೋ, ಬ್ಲಿಂಕ್, ಕೆರೆಬೇಟೆ, ಮೂರನೇ ಕೃಷ್ಣಪ್ಪ. ಇಲ್ಲಿಗೆ ಒಂದು ಗೆರೆ ಎಳೀರಿ. ಗೆರೆ ಕೆಳಗೆ ಕೋಟಿ, ಉಪಾಧ್ಯಕ್ಷ, ಸರಳ ಪ್ರೇಮ ಕಥೆ, ಯುವ, ಉಳಿದಿದ್ದು. ಆದ್ರೆ ಈ ಸಾಲು ಒಬ್ರೇ ಕೂತು ನೋಡೋರಿಗೆ. ಅಪ್ಪ ಅಮ್ಮ ಜೊತೆಗಿದ್ರೆ ಶಾಖಾಹಾರಿನೇ ಮೊದಲು ಹಾಕಿ, ಶಿವಮ್ಮ ಆಮೇಲೆ. ಅದೂ ಅಮ್ಮಂಗೆ ಚೀಟಿ ವ್ಯವಹಾರದ ಅಭ್ಯಾಸ ಇದ್ರೆ ಸಿನಿಮಾ ಮಧ್ಯದಲ್ಲೇ ಶಿವಮ್ಮಂಗೆ ಬಯ್ಯೋಕೆ ಶುರು ಮಾಡ್ತಾರೆ, ಸಿನಿಮಾಕ್ಕಿಂತ ಅದು ಮಜಾ. ಮಕ್ಕಳಿದ್ರೆ ಫೋಟೋ ಬೇಡ, ಹುಡುಗನ ಕಥೆ ಅಂತ ಮೋಸ ಹೋಗ್ಬೇಡಿ, ತಡ್ಕೊಳ್ಳೋದು ದೊಡ್ಡವರಿಗೇ ಕಷ್ಟ. ಕಾಲೇಜು ಹುಡುಗರು ಬ್ಲಿಂಕ್‌ನಿಂದ ಶುರು ಮಾಡ್ಲಿ.

ಮಲಯಾಳಂ ಯಾಕೆ ಬಿಟ್ರಿ ಅಂತ ಕೇಳ್ತೀರ ಅಂತ ಗೊತ್ತು. ಬಿಟ್ಟಿಲ್ಲ, ಅದು ಬೇರೆ ಸಾಲು, ಯಾಕಂದ್ರೆ ಆ ಆರು ತಿಂಗಳು ಅವರದ್ದು ಸುಗ್ಗಿ. ಫೆಬ್ರವರಿ ಒಂದೇ ತಿಂಗಳಲ್ಲಿ ಪ್ರೇಮಲು, ಭ್ರಮಯುಗಂ, ಮಂಜುಮ್ಮೆಲ್ ಬಾಯ್ಸ್, ಮೂರೂ ಒಂದೊಂದು ದಿಕ್ಕು, ಮೂರೂ ಬೆಂಗಳೂರಲ್ಲಿ ಜನ ಸೇರಿಸ್ತು. ಶಿವಮ್ಮಂಗೆ ಸಿಗದ ಸ್ಕ್ರೀನು ಇವಕ್ಕೆ ಸಿಕ್ತಲ್ಲ ಅಂತ ಹೊಟ್ಟೆಕಿಚ್ಚು ನಂಗೂ ಇದೆ, ಆದ್ರೆ ಆ ಸಿಟ್ಟು ಸಿನಿಮಾ ಮೇಲೆ ತೀರಿಸ್ಕೊಂಡು ಏನು ಪ್ರಯೋಜನ, ಟಿಕೆಟ್ ತಗೊಂಡು ಹೋಗಿದ್ದು ನಾವೇ ತಾನೆ. ನಂಗೆ ಅದರಲ್ಲಿ ಮೊದಲು ಮಂಜುಮ್ಮೆಲ್ ಬಾಯ್ಸ್. 2006ರಲ್ಲಿ ಕೊಚ್ಚಿ ಪಕ್ಕದ ಹುಡುಗರ ಗ್ಯಾಂಗು ಕೊಡೈಕೆನಾಲ್‌ಗೆ ಟ್ರಿಪ್ ಹೋಗಿ, ಒಬ್ಬ ಗುಣಾ ಗುಹೆ ಒಳಗೆ ಬಿದ್ದು, ಫ್ರೆಂಡೇ ಹಗ್ಗ ಕಟ್ಕೊಂಡು ಇಳಿದು ಮೇಲೆ ತಂದಿದ್ದು, ನಡೆದ ಘಟನೆ. ಕಮಲ್‌ಹಾಸನ್ ಅವರ ಗುಣಾ ಸಿನಿಮಾದ ಹಾಡು ಅಲ್ಲಿ ಬರೋ ಜಾಗ ಇದೆಯಲ್ಲ, ಆ ಹಾಡು ಗೊತ್ತಿಲ್ಲದೋರೂ ಎದ್ದು ನಿಂತಿದ್ದನ್ನ ನೋಡಿದೀನಿ. ಎರಡನೇದು ಭ್ರಮಯುಗಂ, ಪೂರ್ತಿ ಕಪ್ಪು ಬಿಳುಪು, ಬೆರಳೆಣಿಕೆ ಪಾತ್ರ, ಮಮ್ಮೂಟ್ಟಿ ಸುಮ್ನೆ ಕೂತು ನಕ್ಕರೆ ಸಾಕು ಬೆನ್ನಲ್ಲಿ ಚಳಿ, ಇದನ್ನ ಲೈಟ್ ಆರಿಸಿ ದೊಡ್ಡ ಸ್ಕ್ರೀನ್‌ನಲ್ಲೇ ನೋಡಿ, ಫೋನ್‌ನಲ್ಲಿ ನೋಡೋದಾದ್ರೆ ನೋಡಲೇಬೇಡಿ. ಏಪ್ರಿಲ್ 11ಕ್ಕೆ ಬಂದ ಆವೇಶಂ ಮೂರನೇದು, ಅದರ ಕಥೆ ನಡೆಯೋದೇ ಬೆಂಗಳೂರಲ್ಲಿ, ಸೀನಿಯರ್ಸ್ ಕೈಲಿ ಒದೆ ತಿಂದ ಕೇರಳದ ಇಂಜಿನಿಯರಿಂಗ್ ಹುಡುಗರು ರಂಗ ಅನ್ನೋ ಲೋಕಲ್ ರೌಡಿನ ಹಿಡ್ಕೊಳ್ತಾರೆ. ರಂಗ ಆಗಿರೋ ಫಹಾದ್ ಫಾಸಿಲ್ ಬಿಳಿ ಬಟ್ಟೆ, ಮೈ ತುಂಬ ಚಿನ್ನ ಹಾಕ್ಕೊಂಡು ಮಲಯಾಳಂ ಮಧ್ಯ ಕನ್ನಡ ಬಿಡೋದೇ ಅರ್ಧ ಮಜಾ, ಅದಕ್ಕೇ ಡಬ್ಬಿಂಗ್ ಮುಟ್ಟಬೇಡಿ, ಮೂಲದಲ್ಲೇ ಸಬ್‌ಟೈಟಲ್ ಹಾಕ್ಕೊಂಡು ನೋಡಿ. ಪ್ರೇಮಲು ಹೈದರಾಬಾದಲ್ಲಿ ನಡೆಯೋ ಹಗುರ ಲವ್ ಸ್ಟೋರಿ, ಸುನಿ ಸಿನಿಮಾ ಇಷ್ಟ ಪಡೋರಿಗೆ ಸರಿಹೋಗತ್ತೆ.

ಹಿಂದಿಲಿ ಮಾರ್ಚ್ 1ರ ಲಾಪತಾ ಲೇಡೀಸ್ ಒಂದೇ ಸಾಕು. ರೈಲಲ್ಲಿ ಇಬ್ರು ಮದುಮಕ್ಕಳು ಸೆರಗು ಮುಚ್ಕೊಂಡಿದ್ದಕ್ಕೆ ಅದಲು ಬದಲಾಗೋ ಕಥೆ, ಮೂರು ತಲೆಮಾರು ಒಂದೇ ಸೋಫಾದಲ್ಲಿ ಕೂತಿದ್ರೂ ಯಾರೂ ಮುಜುಗರ ಪಡದೆ ನೋಡಬಹುದು. ಮೇಲಿನ ಕನ್ನಡ ಸಾಲಿಗೆ ಸೇರಿಸೋದಾದ್ರೆ ಇದನ್ನ ಬ್ಲಿಂಕ್ ಮತ್ತೆ ಕೆರೆಬೇಟೆ ಮಧ್ಯ ಇಡ್ತೀನಿ, ಮಂಜುಮ್ಮೆಲ್ ಬಾಯ್ಸ್‌ನ ಶಾಖಾಹಾರಿ ಆದ್ಮೇಲೆ. ಶಿವಮ್ಮನ ಮೇಲಕ್ಕೆ ಯಾವ್ದನ್ನೂ ಹತ್ತಿಸಲ್ಲ.